ರೈಡಿಂಗ್ ಮೋವರ್‌ನ ಎಂಜಿನ್ ಎಣ್ಣೆ ಬದಲಿಸುವ ಮುನ್ನ ಎಣ್ಣೆಗೊಂದು ದಾರಿ ಮಾಡಿಕೊಳ್ಳಿ

ಅಮೆರಿಕದ ಉಪನಗರಗಳಲ್ಲಿ ಅರ್ಧ ಎಕರೆ, ಅಂದರೆ ನಮ್ಮ ಊರಿನ ಲೆಕ್ಕದಲ್ಲಿ 20 ಗುಂಟೆ ಹುಲ್ಲುಹಾಸಿರುವ ಮನೆಯನ್ನು ಕೊಂಡ ಕನ್ನಡಿಗರು ಒಂದೆರಡು ಬೇಸಿಗೆ ತಳ್ಳುವ ಯಂತ್ರದ ಹಿಂದೆ ನಡೆದು ದಣಿದ ಮೇಲೆ, ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವನ್ನು, ಅಂದರೆ ರೈಡಿಂಗ್ ಮೋವರನ್ನು ಮನೆಗೆ ತರುವುದು ಸಾಮಾನ್ಯ. ಅದನ್ನು ಓಡಿಸುವುದು ಒಂದೇ ದಿನದಲ್ಲಿ ರೂಢಿಯಾಗುತ್ತದೆ. ಆದರೆ ವರ್ಷಕ್ಕೊಮ್ಮೆ ಅದರ ಎಂಜಿನ್ ಎಣ್ಣೆಯನ್ನು ಬದಲಿಸುವ ಕೆಲಸ ಮಾತ್ರ, ಕಾರಿನ ಎಣ್ಣೆಯನ್ನು ಮನೆಯಲ್ಲೇ ಬದಲಿಸಿ ಅಭ್ಯಾಸವಿರುವವರನ್ನೂ ಗೋಳಾಡಿಸುತ್ತದೆ. ಊರಿನಲ್ಲಿ ಅಡಿಕೆ ತೋಟದ ಕಳೆ ಕತ್ತರಿಸುವ ಯಂತ್ರವನ್ನು ಓರೆಮಾಡಿ, ಅದರೊಳಗಿನ ಅರ್ಧ ಲೋಟ ಎಣ್ಣೆಯನ್ನು ಡಬ್ಬಕ್ಕೆ ಸುರಿದವರಿಗೆ ಇದು ಇನ್ನೂ ಹೊಸದು. ಏಕೆಂದರೆ ಸುಮಾರು 200 ಕಿಲೋ ತೂಗುವ ಈ ಯಂತ್ರವನ್ನು ಓರೆಮಾಡುವಂತಿಲ್ಲ, ಮಾಡಲೂಬಾರದು.

ತೊಂದರೆಯ ಮೂಲ ಎಂಜಿನ್ನನ್ನು ಕೂರಿಸಿರುವ ರೀತಿಯಲ್ಲಿದೆ. ಕಾರಿನ ಎಂಜಿನ್‌ನಲ್ಲಿ ಎಣ್ಣೆಯ ತೊಟ್ಟಿ ಎಲ್ಲಕ್ಕಿಂತ ಕೆಳಗಿರುತ್ತದೆ, ಅದರ ತಳದ ಬೋಲ್ಟನ್ನು ಬಿಚ್ಚಿದರೆ ಎಣ್ಣೆ ನೇರವಾಗಿ ಕೆಳಗಿಟ್ಟ ಪಾತ್ರೆಗೆ ಬೀಳುತ್ತದೆ. ರೈಡಿಂಗ್ ಮೋವರ್‌ನಲ್ಲಿ ಹಾಗಿಲ್ಲ. ಇದರ ಕ್ರ್ಯಾಂಕ್ ಶಾಫ್ಟ್, ಅಂದರೆ ಎಂಜಿನ್ ತಿರುಗಿಸುವ ಮುಖ್ಯ ದಂಡ, ಲಂಬವಾಗಿ ನಿಂತಿರುತ್ತದೆ, ಎಂಜಿನ್‌ನ ತಳದಿಂದ ಕೆಳಕ್ಕೆ ಹೊರಬಂದು ಅಲ್ಲಿರುವ ಪುಲ್ಲಿಗಳನ್ನು ತಿರುಗಿಸುತ್ತದೆ, ಆ ಪುಲ್ಲಿಗಳಿಂದ ಹೊರಟ ಬೆಲ್ಟ್‌ಗಳು ಚಕ್ರಗಳಿಗೂ ಕತ್ತಿಗಳಿಗೂ ಶಕ್ತಿಯನ್ನು ಒಯ್ಯುತ್ತವೆ. ಹೀಗಾಗಿ ತಳಭಾಗವೆಲ್ಲ ಉಕ್ಕಿನ ಚೌಕಟ್ಟು, ಪುಲ್ಲಿ ಮತ್ತು ಬೆಲ್ಟ್‌ಗಳಿಂದ ತುಂಬಿಹೋಗಿ, ಎಣ್ಣೆ ಬಸಿಯುವ ಕಂಡಿಗೆ ಎಂಜಿನ್‌ನ ಪಕ್ಕದಲ್ಲಿ, ಚೌಕಟ್ಟಿನ ಪಟ್ಟಿಗಿಂತ ಒಂದೆರಡು ಬೆರಳು ಮೇಲೆ ಮಾತ್ರ ಜಾಗ ಸಿಗುತ್ತದೆ. ಅಲ್ಲಿಂದ ಹೊರಬಿದ್ದ ಎಣ್ಣೆ ಪಾತ್ರೆಯನ್ನು ಹುಡುಕಿಕೊಂಡು ಬರುವುದಿಲ್ಲ, ಚೌಕಟ್ಟನ್ನು ಹಿಡಿದು ಹರಿಯುತ್ತದೆ.

ನಾನು ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕಿದಾಗ ಯಂತ್ರದ ಕೆಳಗೆ ಅಗಲವಾದ ಟ್ರೇ ಇಟ್ಟು, ಎಲ್ಲ ಸರಿಯಾಗಿದೆ ಎಂದುಕೊಂಡು ಬೋಲ್ಟ್ ಬಿಚ್ಚಿದೆ. ಎಣ್ಣೆ ಚೌಕಟ್ಟಿನ ಮೇಲೆ ಬಿದ್ದು, ಅದರ ಉದ್ದಕ್ಕೂ ಮುಂದಕ್ಕೆ ಹರಿದು, ಮುಂಭಾಗದ ಅಚ್ಚಿನಿಂದ ಎರಡು ಕಡೆ ತೊಟ್ಟಿಕ್ಕಿ, ಉಳಿದದ್ದು ಕತ್ತಿಗಳ ಹೊದಿಕೆಯ ಮೇಲೆ ಬಿದ್ದು ಬೆಲ್ಟಿಗೆ ತಗುಲಿತು. ಟ್ರೇಯೊಳಗೆ ಬಿದ್ದದ್ದು ಅರ್ಧಕ್ಕಿಂತ ಕಡಿಮೆ. ಕಾಂಕ್ರೀಟಿನ ಕಲೆಗಿಂತ ಹೆಚ್ಚು ಬೇಸರವಾದದ್ದು ಬೆಲ್ಟಿನ ವಿಷಯಕ್ಕೆ: ಎಣ್ಣೆ ಕುಡಿದ ಬೆಲ್ಟ್ ಪುಲ್ಲಿಯ ಮೇಲೆ ಜಾರತೊಡಗಿತು, ಎಷ್ಟು ಒರೆಸಿದರೂ ಸರಿಹೋಗದೆ ಕೊನೆಗೆ ಅದನ್ನೇ ಬದಲಿಸಬೇಕಾಯಿತು. ಆಮೇಲಿನ ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕೆಲಸದ ಬಹುಪಾಲು ಬೋಲ್ಟ್ ಬಿಚ್ಚುವುದಕ್ಕೆ ಮೊದಲೇ ನಡೆಯಬೇಕು ಎಂಬುದು ಇದರಲ್ಲಿ ಮುಖ್ಯ.

ಎಣ್ಣೆ, ಫಿಲ್ಟರ್ ಕೊಳ್ಳುವ ಮೊದಲು ತಿಳಿಯಬೇಕಾದ ಮೂರು ಸಂಗತಿಗಳು

ಯಂತ್ರದ ಮೇಲೆ ಬರೆದಿರುವ ಹೆಸರು ಒಂದು, ಒಳಗಿನ ಎಂಜಿನ್ ತಯಾರಿಸಿದವರು ಇನ್ನೊಬ್ಬರು ಆಗಿರುವುದು ಇಲ್ಲಿ ಸಾಮಾನ್ಯ. ಕ್ರಾಫ್ಟ್ಸ್‌ಮನ್, ಹುಸ್ಕ್‌ವಾರ್ನಾ, ಕಬ್ ಕ್ಯಾಡೆಟ್ ಮೊದಲಾದ ಹೆಸರಿನ ಯಂತ್ರಗಳಲ್ಲಿ ಬ್ರಿಗ್ಸ್ ಅಂಡ್ ಸ್ಟ್ರಾಟನ್, ಕೋಹ್ಲರ್ ಅಥವಾ ಕವಾಸಾಕಿ ಎಂಜಿನ್ ಕೂತಿರುತ್ತದೆ. ಎಣ್ಣೆ, ಫಿಲ್ಟರ್, ಅವಧಿ ಇವುಗಳೆಲ್ಲ ಎಂಜಿನ್ನಿಗೆ ಸಂಬಂಧಿಸಿದ ವಿಷಯಗಳಾದ್ದರಿಂದ ನೋಡಬೇಕಾದದ್ದು ಎಂಜಿನ್‌ನ ಕೈಪಿಡಿಯನ್ನು. ಕೈಪಿಡಿ ಕಳೆದುಹೋಗಿದ್ದರೆ ಎಂಜಿನ್‌ನ ಲೋಹದ ಹೊದಿಕೆಯ ಮೇಲೆ ಒತ್ತಿರುವ ಸಂಖ್ಯೆಗಳನ್ನು ಹುಡುಕಿ, ಫೋನಿನಲ್ಲಿ ಚಿತ್ರ ತೆಗೆದುಕೊಂಡು, ತಯಾರಕರ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಕೈಪಿಡಿ ಉಚಿತವಾಗಿ ಸಿಗುತ್ತದೆ. ಬ್ರಿಗ್ಸ್ ಎಂಜಿನ್ನಾದರೆ ಮಾದರಿ, ಟೈಪ್, ಕೋಡ್ ಎಂದು ಮೂರು ಸಂಖ್ಯೆಗಳಿರುತ್ತವೆ. ಮೂರನ್ನೂ ಬರೆದುಕೊಳ್ಳುವುದು ಒಳ್ಳೆಯದು.

ಮೊದಲನೆಯ ಸಂಗತಿ ಎಣ್ಣೆಯ ಪ್ರಮಾಣ. ಒಂದೇ ಸಿಲಿಂಡರ್ ಇರುವ ಹಲವು ಎಂಜಿನ್‌ಗಳು ಸುಮಾರು 48 ಔನ್ಸ್, ಅಂದರೆ 1.4 ಲೀಟರ್ ಹಿಡಿಯುತ್ತವೆ, ಎರಡು ಸಿಲಿಂಡರಿನವು ಸುಮಾರು 64 ಔನ್ಸ್, ಅಂದರೆ 1.9 ಲೀಟರ್. ಅಂಗಡಿಯಲ್ಲಿ ಎಣ್ಣೆ ಸಿಗುವುದು ಕ್ವಾರ್ಟ್ ಲೆಕ್ಕದಲ್ಲಿ, ಒಂದು ಕ್ವಾರ್ಟ್ ಎಂದರೆ 32 ಔನ್ಸ್ ಅಥವಾ 946 ಮಿಲಿಲೀಟರ್. ಎರಡು ಬಾಟಲಿ ತಂದರೆ ಒಂದು ಎಂಜಿನ್ನಿಗೆ ಅದು ಸರಿಯಾಗುತ್ತದೆ, ಇನ್ನೊಂದಕ್ಕೆ ಅರ್ಧ ಬಾಟಲಿಯಷ್ಟು ಹೆಚ್ಚಾಗುತ್ತದೆ. ಹೆಚ್ಚು ಸುರಿದುಕೊಂಡವರ ಕಷ್ಟ ಶುರುವಾಗುವುದು ಇಲ್ಲಿಂದಲೇ.

ಎರಡನೆಯದು ಎಣ್ಣೆಯ ದರ್ಜೆ, ಅಂದರೆ ಅದು ಎಷ್ಟು ತೆಳು, ಎಷ್ಟು ದಪ್ಪ ಎಂದು ತಿಳಿಸುವ ಗುರುತು. ಈ ಎಂಜಿನ್‌ಗಳು ಗಾಳಿಯಿಂದ ತಣಿಯುವಂಥವು, ಇವುಗಳಲ್ಲಿ ರೇಡಿಯೇಟರ್ ಇಲ್ಲ. ಬೇಸಿಗೆಯ ಮಧ್ಯಾಹ್ನ ಇವು ಕಾರಿನ ಎಂಜಿನ್‌ಗಿಂತ ಹೆಚ್ಚು ಕಾಯುವುದರಿಂದ, ಗ್ಯಾರೇಜಿನಲ್ಲಿ ಕಾರಿಗೆಂದು ತಂದು ಉಳಿದಿರುವ ತೆಳುವಾದ 0ಡಬ್ಲ್ಯು-20 ಎಣ್ಣೆಯನ್ನು ಇದಕ್ಕೆ ಸುರಿಯಬಾರದು. ಬ್ರಿಗ್ಸ್ ಕೈಪಿಡಿಗಳ ಪ್ರಕಾರ ಎಸ್‌ಎಇ 30 ಎಣ್ಣೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಹವೆಗೆ ಸರಿ, ಅದಕ್ಕಿಂತ ಚಳಿಯಲ್ಲಿ ಅದು ಗಟ್ಟಿಯಾಗಿ ಎಂಜಿನ್ ಹೊತ್ತಿಕೊಳ್ಳಲು ಕಷ್ಟಪಡುತ್ತದೆ. 10ಡಬ್ಲ್ಯು-30 ಎಣ್ಣೆ ಚಳಿಗೆ ಒಳ್ಳೆಯದು, ಆದರೆ 27 ಡಿಗ್ರಿಯ ಮೇಲೆ ಎಂಜಿನ್ ಅದನ್ನು ಹೆಚ್ಚು ಸುಡಬಹುದು. ಸಿಂಥೆಟಿಕ್ 5ಡಬ್ಲ್ಯು-30 ಎಲ್ಲ ಹವೆಗೂ ಹೊಂದುತ್ತದೆ. ಇತರ ತಯಾರಕರ ಸಲಹೆ ಬೇರೆಯಿರಬಹುದಾದ್ದರಿಂದ ನಿಮ್ಮ ಕೈಪಿಡಿಯ ಮಾತೇ ಅಂತಿಮ. ಬಾಟಲಿಯ ಮೇಲೆ ಎಣ್ಣೆಯ ಗುಣಮಟ್ಟ ಸೂಚಿಸುವ ಎಪಿಐ ಗುರುತಿನಲ್ಲಿ ಎಸ್‌ಜೆ ಅಥವಾ ಅದರ ನಂತರದ ಅಕ್ಷರಗಳಿದ್ದರೆ ಸಾಕು.

ಮೂರನೆಯದು ಫಿಲ್ಟರ್. ಚಿಕ್ಕ ಎಂಜಿನ್ನಿನ ಕೆಲವು ಮಾದರಿಗಳಲ್ಲಿ ಎಣ್ಣೆಯ ಫಿಲ್ಟರ್ ಇರುವುದೇ ಇಲ್ಲ, ಇಲ್ಲದ್ದನ್ನು ಅರ್ಧ ದಿನ ಹುಡುಕಿದವರಿದ್ದಾರೆ. ಇದ್ದರೆ, ಅದರ ಮೇಲೆ ಮುದ್ರಿಸಿರುವ ಸಂಖ್ಯೆಯನ್ನು ನೋಡಿ ಅದೇ ಸಂಖ್ಯೆಯದನ್ನು ಕೆಲಸಕ್ಕೆ ಮೊದಲೇ ತಂದಿಟ್ಟುಕೊಳ್ಳಿ. ಝೀರೋ ಟರ್ನ್ ಎನ್ನುವ, ಎರಡು ಹಿಡಿಗಳಿಂದ ತಿರುಗಿಸುವ ಯಂತ್ರ ನಿಮ್ಮದಾಗಿದ್ದರೆ ಒಂದು ಎಚ್ಚರಿಕೆ ಅಗತ್ಯ: ಅವುಗಳಲ್ಲಿ ಹಲವಕ್ಕೆ ಹಿಂಬದಿಯ ಚಕ್ರಗಳ ಬಳಿ ಹೈಡ್ರಾಲಿಕ್ ಎಣ್ಣೆಯ ಫಿಲ್ಟರ್‌ಗಳು ಬೇರೆಯೇ ಇರುತ್ತವೆ, ಅವೂ ಎಂಜಿನ್ ಫಿಲ್ಟರಿನಂತೆಯೇ ಡಬ್ಬದಾಕಾರದಲ್ಲಿರುತ್ತವೆ. ಎಂಜಿನ್ನಿಗೇ ನೇರವಾಗಿ ತಿರುಪಿ ಕೂತಿರುವುದು ಮಾತ್ರ ಎಂಜಿನ್ ಎಣ್ಣೆಯ ಫಿಲ್ಟರ್.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಹೆಚ್ಚಿನ ಕೈಪಿಡಿಗಳು 50 ಅಥವಾ 100 ಗಂಟೆ, ಇಲ್ಲವೇ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು ಎನ್ನುತ್ತವೆ. ಹೊಸ ಯಂತ್ರಕ್ಕೆ ಮೊದಲ ಬದಲಾವಣೆಯನ್ನು 5 ಗಂಟೆಗಳಷ್ಟು ಬೇಗ ಹೇಳುವ ಕೈಪಿಡಿಗಳೂ ಇವೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ವಾರಕ್ಕೊಂದು ಗಂಟೆ ಓಡಿಸುವ ಮನೆಗಳಲ್ಲಿ ವರ್ಷಕ್ಕೆ 30 ಗಂಟೆ ದಾಟುವುದು ಕಡಿಮೆ, ಹಾಗಾಗಿ ವರ್ಷಕ್ಕೊಮ್ಮೆ ಎಂಬುದೇ ನಡೆಯುತ್ತದೆ. ವಸಂತಕ್ಕಿಂತ ಶರತ್ಕಾಲದ ಕೊನೆಯಲ್ಲಿ, ಕೊನೆಯ ಬಾರಿ ಹುಲ್ಲು ಕತ್ತರಿಸಿದ ದಿನವೇ ಬದಲಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹಳೆಯ ಎಣ್ಣೆಯಲ್ಲಿ ಸೇರಿಕೊಂಡ ತೇವ ಮತ್ತು ಆಮ್ಲದ ಅಂಶಗಳು ಚಳಿಗಾಲದ ಐದಾರು ತಿಂಗಳು ಎಂಜಿನ್ನಿನೊಳಗೆ ಕೂತು ಲೋಹವನ್ನು ತಿನ್ನುವುದು ತಪ್ಪುತ್ತದೆ. ಜೊತೆಗೆ, ಎಂಜಿನ್ ಆಗಲೇ ಬಿಸಿಯಾಗಿರುತ್ತದೆ.

ಡಿಪ್‌ಸ್ಟಿಕ್ ಏನು ಹೇಳುತ್ತದೆ ಎಂದು ಮೊದಲು ನೋಡಿ

ಎಂಜಿನ್ ಚಾಲೂ ಮಾಡುವ ಮುನ್ನ, ತಣ್ಣಗಿರುವಾಗಲೇ, ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಎಣ್ಣೆ ಕಪ್ಪಾಗಿದ್ದರೆ ಚಿಂತೆಯಿಲ್ಲ, ಅದು ಕೆಲಸ ಮಾಡಿದ್ದರ ಗುರುತು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಆದರೆ ಎಣ್ಣೆಯ ಮಟ್ಟ ಮೇಲಿನ ಗೆರೆಯನ್ನು ದಾಟಿದ್ದು, ಮೂಗಿನ ಬಳಿ ಹಿಡಿದರೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅಲ್ಲಿಯೇ ನಿಲ್ಲಿಸಬೇಕು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಅದನ್ನು ತಡೆಯುವ ಚಿಕ್ಕ ಸೂಜಿ ಕಸ ಸಿಕ್ಕಿ ಸರಿಯಾಗಿ ಮುಚ್ಚಿಕೊಳ್ಳದಿದ್ದಾಗ, ಟ್ಯಾಂಕಿನ ಪೆಟ್ರೋಲ್ ಯಂತ್ರ ನಿಂತಿರುವಾಗಲೂ ಇಳಿದು ಸಿಲಿಂಡರ್ ಹೊಕ್ಕು, ಪಿಸ್ಟನ್ ಉಂಗುರಗಳ ಸಂದಿನಿಂದ ಎಣ್ಣೆಯ ತೊಟ್ಟಿಗೆ ಸೇರುತ್ತದೆ. ತೆಳುವಾದ ಆ ಎಣ್ಣೆಯಲ್ಲಿ ಎಂಜಿನ್ ಓಡಿಸಿದರೆ ಬೇರಿಂಗ್‌ಗಳು ಸವೆಯುತ್ತವೆ. ಇಂಥ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡದೆ, ತಣ್ಣಗಿರುವಾಗಲೇ ಎಣ್ಣೆಯನ್ನು ಬಸಿದು, ಮೊದಲು ಕಾರ್ಬ್ಯುರೇಟರ್ ಸರಿಪಡಿಸಬೇಕು. ಇಲ್ಲವಾದರೆ ಹೊಸ ಎಣ್ಣೆಯೂ ವಾರದೊಳಗೆ ಅದೇ ದಾರಿ ಹಿಡಿಯುತ್ತದೆ. ಹೀಗೆ ಪೆಟ್ರೋಲ್ ಬೆರೆತ ಎಣ್ಣೆಯನ್ನು ಬೇರೆ ಡಬ್ಬದಲ್ಲಿಡಿ, ಕಾರಣ ಕೊನೆಯಲ್ಲಿದೆ.

ಎಲ್ಲವೂ ಸರಿಯಿದ್ದರೆ ಎಂಜಿನ್ನನ್ನು ಐದು ನಿಮಿಷ ಓಡಿಸಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಇಳಿಯುತ್ತದೆ, ತಳದಲ್ಲಿ ಕೂತ ಮಡ್ಡಿಯನ್ನೂ ತನ್ನೊಡನೆ ಒಯ್ಯುತ್ತದೆ. ಈ ಓಡಿಸುವಿಕೆ ಗ್ಯಾರೇಜಿನ ಹೊರಗೇ ನಡೆಯಬೇಕು. ಮನೆಗೆ ಅಂಟಿಕೊಂಡ ಗ್ಯಾರೇಜಿನೊಳಗೆ, ಬಾಗಿಲು ತೆರೆದಿದ್ದರೂ, ಕಾರ್ಬನ್ ಮೊನಾಕ್ಸೈಡ್ ಮನೆಯೊಳಕ್ಕೆ ಸೇರಬಲ್ಲದು, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ನಂತರ ಯಂತ್ರವನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಬ್ರೇಕ್ ಹಾಕಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಿತ್ತು ಪಕ್ಕಕ್ಕಿಡಿ. ಎರಡು ಸಿಲಿಂಡರ್ ಇದ್ದರೆ ತಂತಿಗಳೂ ಎರಡು. ಸೈಲೆನ್ಸರ್ ಹಲವು ಯಂತ್ರಗಳಲ್ಲಿ ಫಿಲ್ಟರಿಗೆ ಹತ್ತಿರವೇ ಇರುತ್ತದೆ, ಮುಟ್ಟಿದರೆ ಚರ್ಮ ಸುಲಿದುಬರುವಷ್ಟು ಕಾದಿರುತ್ತದೆ, ಅದಕ್ಕಾಗಿ ಹತ್ತು ಹದಿನೈದು ನಿಮಿಷ ಕಾಯಿರಿ. ಅಷ್ಟರಲ್ಲಿ ಎಣ್ಣೆ ತಣಿಯುವುದಿಲ್ಲ. ಕೆಲವರು ಮುಂಭಾಗವನ್ನು ಜಾಕ್ ಹಾಕಿ ಎತ್ತುತ್ತಾರೆ. ಈ ಕೆಲಸಕ್ಕೆ ಅದರ ಅಗತ್ಯ ಬಹುಮಟ್ಟಿಗೆ ಇಲ್ಲ. ಎತ್ತಲೇಬೇಕಾದರೆ ಜಾಕ್ ಒಂದರ ಭರವಸೆಯ ಮೇಲೆ ಕೈಯನ್ನಾಗಲಿ ತಲೆಯನ್ನಾಗಲಿ ಕೆಳಗೆ ತೂರಿಸಬೇಡಿ.

ಎಣ್ಣೆಗೆ ದಾರಿ

ಬಾನೆಟ್ ಎತ್ತಿ, ಎಂಜಿನ್‌ನ ಬುಡದಲ್ಲಿ ಅಂಟಿರುವ ಒಣಹುಲ್ಲು ಮತ್ತು ಧೂಳನ್ನು ಮೊದಲು ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ. ಇದನ್ನು ಬಿಟ್ಟರೆ ಎಣ್ಣೆ ಆ ಹುಲ್ಲಿಗೆ ಹಿಡಿದು, ಬಿಸಿ ಸೈಲೆನ್ಸರಿನ ಬಳಿ ಬೆಂಕಿಗೆ ಆಹಾರವಾಗುತ್ತದೆ. ಆಮೇಲೆ ಬಸಿಯುವ ಕಂಡಿ ಯಾವ ಬಗೆಯದೆಂದು ನೋಡಿ. ಸಾಮಾನ್ಯವಾಗಿ ಕಾಣುವುದು ಎರಡು ಬಗೆ.

ಒಂದು ಪ್ಲಾಸ್ಟಿಕ್ಕಿನ ವಾಲ್ವ್, ಹಲವು ಎಂಜಿನ್‌ಗಳಲ್ಲಿ ಹಳದಿ ಬಣ್ಣದ್ದು, ಅದರ ತುದಿಗೊಂದು ಮುಚ್ಚಳ. ಇದನ್ನು ಬಲಪ್ರಯೋಗ ಮಾಡಿ ಎಳೆದು ಮುರಿದವರು ಬಹಳ. ಇದು ತೆರೆಯುವ ಕ್ರಮ ಹೀಗೆ: ಮುಚ್ಚಳ ತೆಗೆದು, ವಾಲ್ವನ್ನು ಎಂಜಿನ್ನಿನ ಕಡೆಗೆ ಒತ್ತಿ, ಒತ್ತಿಹಿಡಿದೇ ಅಪ್ರದಕ್ಷಿಣವಾಗಿ ತಿರುಗಿಸಿ, ಆಮೇಲೆ ಹೊರಕ್ಕೆ ಎಳೆಯಬೇಕು. ಎಳೆದ ಕೂಡಲೇ ಎಣ್ಣೆ ಬರುತ್ತದೆ. ಆದ್ದರಿಂದ ಎಳೆಯುವ ಮೊದಲೇ ಅದರ ಬಾಯಿಗೆ ಕೊಳವೆ ಹಾಕಿರಬೇಕು. ಹೊಸ ಯಂತ್ರದ ಜೊತೆ ಬರುವ ಚಿಕ್ಕ ಪ್ಲಾಸ್ಟಿಕ್ ಕೊಳವೆ ಇದಕ್ಕಾಗಿಯೇ ಕೊಟ್ಟದ್ದು. ಅದು ಏನೆಂದು ತಿಳಿಯದೆ ಎಸೆದವರು, ಅಥವಾ ಬಳಸಿದ ಯಂತ್ರವನ್ನು ಕೊಂಡವರು, ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮೂರು ಅಡಿ ಪಾರದರ್ಶಕ ವಿನೈಲ್ ಕೊಳವೆಯನ್ನು ಕತ್ತರಿಸಿ ತರಬಹುದು. ಅರ್ಧ ಇಂಚಿನ ಒಳ ಅಳತೆಯದು ಹಲವು ವಾಲ್ವ್‌ಗಳಿಗೆ ಸರಿಹೊಂದುತ್ತದೆ, ಆದರೂ ಹೋಗುವ ಮುನ್ನ ವಾಲ್ವಿನ ಬಾಯಿಯನ್ನು ಅಳೆದುಕೊಂಡು ಹೋಗುವುದು ಲೇಸು. ಕೊಳವೆಯ ತುದಿಯನ್ನು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ಏರುತ್ತದೆ, ತಣಿದ ಮೇಲೆ ಬಿಗಿಯಾಗಿ ಕೂರುತ್ತದೆ. ಇನ್ನೊಂದು ತುದಿಯನ್ನು ಚೌಕಟ್ಟಿನ ಆಚೆಗೆ ದಾಟಿಸಿ ಪಾತ್ರೆಯೊಳಗೆ ಬಿಟ್ಟು, ಅದು ಎಗರದಂತೆ ಒಂದು ಕ್ಲಿಪ್ಪಿನಿಂದ ಅಂಚಿಗೆ ಸಿಕ್ಕಿಸಿ. ಕೊಳವೆ ವಾಲ್ವಿನಿಂದ ಪಾತ್ರೆಯ ತನಕ ಇಳಿಜಾರಾಗಿಯೇ ಸಾಗಬೇಕು. ನಡುವೆ ಎಲ್ಲಾದರೂ ಮೇಲೆದ್ದರೆ ಎಣ್ಣೆ ಅಲ್ಲಿ ನಿಂತುಬಿಡುತ್ತದೆ.

ಎರಡನೆಯ ಬಗೆ ಬರಿಯ ಬೋಲ್ಟ್, ಕೆಲವೊಮ್ಮೆ ಎಂಜಿನ್ನಿನಿಂದ ಹೊರಚಾಚಿದ ಒಂದು ಚಿಕ್ಕ ಕಬ್ಬಿಣದ ಕೊಳವೆಯ ತುದಿಯಲ್ಲಿ. ನನ್ನ ಯಂತ್ರದ್ದು ಮೊದಲು ಇದೇ ಬಗೆಯಾಗಿತ್ತು. ಇದರಲ್ಲಿ ಒಂದು ಸೂಕ್ಷ್ಮವಿದೆ: ಬಿಗಿಯಾದ ಬೋಲ್ಟನ್ನು ತಿರುಗಿಸಹೋದಾಗ ಬೋಲ್ಟಿನ ಬದಲು ಆ ಕೊಳವೆಯೇ ಎಂಜಿನ್ನಿನಿಂದ ಬಿಚ್ಚಿಕೊಳ್ಳಬಹುದು, ಎಂಜಿನ್‌ನ ಅಲ್ಯೂಮಿನಿಯಂ ಮೈಯಲ್ಲಿನ ತಿರುಪಿನ ಎಳೆ, ಅಂದರೆ ಥ್ರೆಡ್, ಕೆಡಬಹುದು. ಹಾಗಾಗದಂತೆ ಒಂದು ಸ್ಪ್ಯಾನರಿನಿಂದ ಕೊಳವೆಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಬೋಲ್ಟನ್ನು ತಿರುಗಿಸಬೇಕು. ಅಳತೆಗೆ ಸರಿಯಾದ ಆರು ಮೂಲೆಯ ಸಾಕೆಟ್ ಹಾಕಿ, ಸಡಿಲಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಸಿಂಪಡಿಸಿಟ್ಟರೆ ಹೆಚ್ಚಿನವು ಬಿಡುತ್ತವೆ.

ಬೋಲ್ಟಿಗೆ ಕೊಳವೆ ಹಾಕಲಾಗುವುದಿಲ್ಲ, ಅದಕ್ಕೆ ಕಾಲುವೆಯನ್ನೇ ಮಾಡಬೇಕು. ಒಂದು ಗ್ಯಾಲನ್ ಹಾಲಿನ ಖಾಲಿ ಪ್ಲಾಸ್ಟಿಕ್ ಡಬ್ಬದ ಒಂದು ಬದಿಯನ್ನು ಉದ್ದಕ್ಕೆ ಕತ್ತರಿಸಿದರೆ ಅಡಿಕೆ ಹಾಳೆಯಂತೆ ಬಾಗಿದ ತುಂಡು ಸಿಗುತ್ತದೆ. ಅದರ ಮೇಲೆ ಅಡುಗೆಮನೆಯ ದಪ್ಪ ಅಲ್ಯೂಮಿನಿಯಂ ಹಾಳೆಯನ್ನು ಹೊದಿಸಿ, ಒಂದು ತುದಿಯನ್ನು ಬೋಲ್ಟಿನ ಅಡಿಗೆ ಎಂಜಿನ್ನಿಗೆ ಒತ್ತಿಕೊಳ್ಳುವಂತೆ ಮಡಿಸಿ ಕೂರಿಸಿ, ಎರಡೂ ಅಂಚುಗಳನ್ನು ಮೇಲಕ್ಕೆತ್ತಿ, ಇನ್ನೊಂದು ತುದಿ ಚೌಕಟ್ಟನ್ನೂ ಬೆಲ್ಟನ್ನೂ ದಾಟಿ ಹೊರಬರುವಂತೆ ಮಾಡಿ. ಬೋಲ್ಟ್ ಬಿಚ್ಚುವ ಮೊದಲು ಆ ಕಾಲುವೆಯ ತಲೆಗೆ ಎರಡು ಚಮಚ ಹಳೆಯ ಎಣ್ಣೆಯನ್ನು ಸುರಿದು ಅದು ಎಲ್ಲಿ ಹೋಗುತ್ತದೆ ಎಂದು ನೋಡಿ. ಈ ಪರೀಕ್ಷೆ ಎರಡು ನಿಮಿಷದ್ದು. ನಾನು ಇದನ್ನು ಒಮ್ಮೆಯೂ ಬಿಡುತ್ತಿರಲಿಲ್ಲ, ಏಕೆಂದರೆ ಬೋಲ್ಟ್ ಹೊರಬಂದ ಮೇಲೆ ತಿದ್ದಲು ಸಮಯವಿರುವುದಿಲ್ಲ. ಬೆಲ್ಟ್ ಕಾಣುವ ಕಡೆಗಳಲ್ಲಿ ಹಳೆಯ ಬಟ್ಟೆಯನ್ನು ಹಾಸಿ, ಕತ್ತಿಗಳ ಹೊದಿಕೆಯನ್ನು ಅತಿ ಕೆಳಮಟ್ಟಕ್ಕೆ ಇಳಿಸಿಡಿ. ಕೈಯಾಡಿಸಲು ಆಗ ಜಾಗ ಸಿಗುತ್ತದೆ.

ಒಮ್ಮೆ ಬೋಲ್ಟ್ ಬಿಚ್ಚಿದ ಮೇಲೆ ಆ ಜಾಗಕ್ಕೆ ಲೋಹದ ಡ್ರೈನ್ ವಾಲ್ವ್ ಒಂದನ್ನು ಶಾಶ್ವತವಾಗಿ ಕೂರಿಸಿಬಿಡಬಹುದು. ಥ್ರೆಡ್‌ನ ಅಳತೆ ಹೊಂದುವುದನ್ನು ನೋಡಿಕೊಂಡು ಕೊಂಡರೆ, ಮುಂದಿನ ವರ್ಷದಿಂದ ಕೊಳವೆ ಸಿಕ್ಕಿಸಿ ತಿರುವಿದರೆ ಸಾಕು. ಈ ಯಂತ್ರಕ್ಕೆ ನಾನು ಮಾಡಿದ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ. ಹಳೆಯ ಪ್ಲಾಸ್ಟಿಕ್ ವಾಲ್ವ್ ಒಳಗಿನ ರಬ್ಬರ್ ಉಂಗುರ ಗಟ್ಟಿಯಾಗಿ ಹನಿಯತೊಡಗಿದವರಿಗೂ ಇದೇ ಪರಿಹಾರ.

ಇವೆರಡೂ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ಡಿಪ್‌ಸ್ಟಿಕ್ ಹಾಕುವ ಕೊಳವೆಯ ಮೂಲಕ ತೆಳುವಾದ ನಳಿಗೆಯನ್ನು ತಳ ಮುಟ್ಟುವ ತನಕ ಇಳಿಸಿ, ಕೈಪಂಪಿನ ನಿರ್ವಾತದಿಂದ ಎಣ್ಣೆಯನ್ನು ಮೇಲಕ್ಕೆಳೆಯುವ ಡಬ್ಬಗಳು ವಾಹನದ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಹನಿಯೂ ಚೆಲ್ಲುವುದಿಲ್ಲ, ಬಗ್ಗಬೇಕಾಗಿಲ್ಲ, ಬೆನ್ನುನೋವಿರುವವರಿಗೆ ಇದನ್ನೇ ಹೇಳುತ್ತೇನೆ. ಎಣ್ಣೆ ಬೆಚ್ಚಗಿರಲೇಬೇಕು, ತಣ್ಣಗಿನ ಎಣ್ಣೆ ನಳಿಗೆಯಲ್ಲಿ ಏರುವುದಿಲ್ಲ. ತಳದಲ್ಲಿ ಸ್ವಲ್ಪ ಎಣ್ಣೆ ಮತ್ತು ಮಡ್ಡಿ ಉಳಿಯುತ್ತದೆ ಎಂಬುದು ಇದರ ಕೊರತೆ, ಹಾಗಾಗಿ ಎರಡು ವರ್ಷಕ್ಕೊಮ್ಮೆಯಾದರೂ ಕೆಳಗಿನಿಂದ ಬಸಿಯುವುದು ಒಳ್ಳೆಯದು.

ಯಾವ ದಾರಿಯಾದರೂ ಡಿಪ್‌ಸ್ಟಿಕ್ಕನ್ನು ತೆಗೆದಿಟ್ಟು ಬಸಿಯಿರಿ, ಗಾಳಿ ಒಳಬಂದರೆ ಎಣ್ಣೆ ತಡೆಯಿಲ್ಲದೆ ಇಳಿಯುತ್ತದೆ. ಧಾರೆ ನಿಂತು ಹನಿಯಾದ ಮೇಲೂ ಇಪ್ಪತ್ತು ನಿಮಿಷ ಬಿಡಿ.

ಫಿಲ್ಟರ್ ಬಿಚ್ಚುವುದು

ಫಿಲ್ಟರ್ ಅಡ್ಡಲಾಗಿ ಕೂತಿರುವುದರಿಂದ ಸಡಿಲಿಸಿದ ತಕ್ಷಣ ಅದರ ಕತ್ತಿನಿಂದ ಎಣ್ಣೆ ಸುರಿಯುತ್ತದೆ, ಅದೂ ಚೌಕಟ್ಟಿನ ಮೇಲೆಯೇ. ಕೈಯಿಂದ ಅಥವಾ ಫಿಲ್ಟರಿನ ತಲೆಗೆ ಟೋಪಿಯಂತೆ ಕೂರುವ ಉಪಕರಣದಿಂದ ಕಾಲು ಸುತ್ತು ಮಾತ್ರ ಸಡಿಲಿಸಿ, ಕೂಡಲೇ ಗಟ್ಟಿಯಾದ ಪ್ಲಾಸ್ಟಿಕ್ ಚೀಲವೊಂದನ್ನು ಇಡೀ ಫಿಲ್ಟರಿಗೆ ಹೊದಿಸಿ, ಚೀಲದ ಹೊರಗಿನಿಂದ ಹಿಡಿದು ಉಳಿದದ್ದನ್ನು ಬಿಚ್ಚಿ. ಸುರಿದ ಎಣ್ಣೆಯೂ ಬಿಚ್ಚಿದ ಫಿಲ್ಟರೂ ಚೀಲದಲ್ಲೇ ಉಳಿಯುತ್ತವೆ. ಅದರ ಅಡಿಗೆ ಅಲ್ಯೂಮಿನಿಯಂ ಹಾಳೆಯ ಇನ್ನೊಂದು ದೋಣಿ ಇರಲಿ.

ಸಡಿಲವಾಗದ ಫಿಲ್ಟರಿಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಹಳೆಯ ಸಲಹೆಯನ್ನು ಪಾಲಿಸಬೇಡಿ. ತಗಡು ಹರಿದುಹೋಗಿ ಹಿಡಿಯಲು ಏನೂ ಉಳಿಯುವುದಿಲ್ಲ, ಎಣ್ಣೆ ಮಾತ್ರ ತೂತಿನಿಂದ ಸುರಿಯುತ್ತದೆ. ಒರಟು ಮರಳು ಕಾಗದವನ್ನು ಒರಟು ಮುಖ ಫಿಲ್ಟರಿನ ಕಡೆಗಿರುವಂತೆ ಸುತ್ತಿ ಹಿಡಿದರೆ ಎಣ್ಣೆಗೈಗೂ ಸಾಕಷ್ಟು ಹಿಡಿತ ಸಿಗುತ್ತದೆ.

ಬಿಚ್ಚಿದ ಕೂಡಲೇ ಫಿಲ್ಟರಿನ ಬಾಯಿಯನ್ನು ನೋಡಿ: ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟ್, ಅದರೊಡನೆ ಬಂದಿದೆಯೇ? ಕೆಲವು ಬಾರಿ ಅದು ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆ ಹೊಸ ಫಿಲ್ಟರನ್ನು ಹಾಕಿದರೆ ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಕೂತು, ಎಂಜಿನ್ ಓಡತೊಡಗಿದ ಕೆಲವೇ ಕ್ಷಣಗಳಲ್ಲಿ ಒತ್ತಡಕ್ಕೆ ಜಾರಿ ಹೊಸ ಎಣ್ಣೆಯೆಲ್ಲ ಹೊರಚಿಮ್ಮಬಹುದು. ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಹೊಸ ಗ್ಯಾಸ್ಕೆಟ್ಟಿಗೆ ಬೆರಳಿನಿಂದ ಹೊಸ ಎಣ್ಣೆ ಸವರಿ, ಕೈಯಿಂದಲೇ ತಿರುಪಿ. ಗ್ಯಾಸ್ಕೆಟ್ ತಾಗಿದ ಮೇಲೆ ಅರ್ಧದಿಂದ ಮುಕ್ಕಾಲು ಸುತ್ತು ಸಾಕು ಎಂದು ಬ್ರಿಗ್ಸ್ ಕೈಪಿಡಿ ಹೇಳುತ್ತದೆ. ಇಲ್ಲಿ ಉಪಕರಣ ಬಳಸಿ ಬಿಗಿಮಾಡಿದವರೇ ಮುಂದಿನ ವರ್ಷ ಬಿಚ್ಚಲಾಗದೆ ಒದ್ದಾಡುತ್ತಾರೆ.

ಜಾನ್ ಡಿಯರ್ ಕಂಪನಿಯ ಕೆಲವು ಯಂತ್ರಗಳಲ್ಲಿ ಫಿಲ್ಟರೂ ಎಣ್ಣೆಯೂ ಒಂದೇ ಡಬ್ಬದಲ್ಲಿದ್ದು, ಅದನ್ನು ಬಿಚ್ಚಿ ಹೊಸದನ್ನು ಹಾಕಿದರೆ ಮುಗಿಯುವ ವ್ಯವಸ್ಥೆಯಿದೆ. ಅದು ಬದಲಿಸುವುದು ಸುಮಾರು 0.8 ಕ್ವಾರ್ಟ್, ಅಂದರೆ ಎಂಜಿನ್‌ನ ಎಣ್ಣೆಯಲ್ಲಿ ಅರ್ಧಕ್ಕಿಂತ ಕಡಿಮೆ ಭಾಗವನ್ನು. ಅನುಕೂಲದ ಮಟ್ಟಿಗೆ ಅದು ದೊಡ್ಡದೇ, ಆದರೂ ಯಂತ್ರವನ್ನು ಬಹುಕಾಲ ಇಟ್ಟುಕೊಳ್ಳುವವರು ಆಗೊಮ್ಮೆ ಪೂರ್ತಿ ಬಸಿಯುವುದು ಸರಿಯೆಂದು ನನಗನಿಸುತ್ತದೆ.

ಹೊಸ ಎಣ್ಣೆ ಸುರಿಯುವುದು

ಮೊದಲು ಬೋಲ್ಟ್ ಅಥವಾ ವಾಲ್ವ್ ಮುಚ್ಚಿದ್ದೀರಾ ಎಂದು ಕೈಯಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಬೋಲ್ಟನ್ನು ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ತಿರುಪಿ, ತಡೆಯಾದರೆ ಹಿಂದಕ್ಕೆ ತಿರುಗಿಸಿ ಮತ್ತೆ ನೇರವಾಗಿ ಹಿಡಿಯಿರಿ. ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಅಡ್ಡಸಿಕ್ಕಿ ಕೆಟ್ಟರೆ ರಿಪೇರಿ ದುಬಾರಿ.

ಕೈಪಿಡಿ ಹೇಳಿದ ಪ್ರಮಾಣದ ಮುಕ್ಕಾಲು ಭಾಗವನ್ನು ಆಲಿಕೆಯಿಂದ ನಿಧಾನವಾಗಿ ಸುರಿದು, ಎರಡು ನಿಮಿಷ ಕಾದು, ಡಿಪ್‌ಸ್ಟಿಕ್ಕಿನಲ್ಲಿ ನೋಡಿ. ತಿರುಪಿನ ಡಿಪ್‌ಸ್ಟಿಕ್ ಇರುವ ಎಂಜಿನ್‌ಗಳಲ್ಲಿ ಕೆಲವಕ್ಕೆ ಪೂರ್ತಿ ತಿರುಪಿ ಅಳೆಯಬೇಕು, ಕೆಲವಕ್ಕೆ ತಿರುಪದೆ ಸುಮ್ಮನೆ ಇಳಿಸಿ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸ ಒಂದು ಲೋಟಕ್ಕೂ ಹೆಚ್ಚಿನ ಎಣ್ಣೆಯಷ್ಟಾಗಬಹುದಾದ್ದರಿಂದ ನಿಮ್ಮ ಎಂಜಿನ್ನಿನ ರೀತಿ ಯಾವುದೆಂದು ಕೈಪಿಡಿಯಲ್ಲಿ ನೋಡಲೇಬೇಕು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ, ಪ್ರತಿ ಸಲ ಒರೆಸಿ ನೋಡುತ್ತ ಮೇಲಿನ ಗೆರೆಗೆ ತನ್ನಿ. ಎರಡು ಬಾಟಲಿ ತಂದಿದ್ದೇನೆ, ಎರಡನ್ನೂ ಸುರಿಯಬೇಕು ಎಂಬ ಲೆಕ್ಕವನ್ನು ಬಿಟ್ಟುಬಿಡಿ. ಬಸಿದಾಗ ಒಳಗೆ ಉಳಿದುಕೊಂಡ ಎಣ್ಣೆಯೂ, ಫಿಲ್ಟರ್ ಬದಲಿಸಿದಿರೋ ಇಲ್ಲವೋ ಎಂಬುದೂ ಪ್ರಮಾಣವನ್ನು ಬದಲಿಸುತ್ತವೆ.

ಹೆಚ್ಚಾದ ಎಣ್ಣೆ ಕಡಿಮೆಯಾದ ಎಣ್ಣೆಯಷ್ಟೇ ಕೆಟ್ಟದ್ದು. ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆಯೆಬ್ಬಿಸುತ್ತದೆ, ನೊರೆ ಸರಿಯಾಗಿ ಕೀಲುಗಳನ್ನು ನೆನೆಸುವುದಿಲ್ಲ, ಉಸಿರುಕೊಳವೆಯ ಮೂಲಕ ಎಣ್ಣೆ ಏರ್ ಫಿಲ್ಟರಿಗೆ ಸೇರಿ ಅದನ್ನು ತೋಯಿಸುತ್ತದೆ, ಸೈಲೆನ್ಸರಿನಿಂದ ನೀಲಿ ಮಿಶ್ರಿತ ಬಿಳಿ ಹೊಗೆ ಮೋಡದಂತೆ ಏಳುತ್ತದೆ. ಹೆಚ್ಚಾಗಿದೆ ಎಂದು ತಿಳಿದರೆ ಓಡಿಸುವ ಮುನ್ನವೇ ಬಸಿದು ಕಡಿಮೆ ಮಾಡಿ.

ಈಗ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಸಿಕ್ಕಿಸಿ, ಹೊರಗಡೆ ಎಂಜಿನ್ ಚಾಲೂ ಮಾಡಿ, ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಟ್ಟು ಫಿಲ್ಟರಿನ ಕತ್ತು ಮತ್ತು ಬೋಲ್ಟಿನ ಸುತ್ತ ಟಾರ್ಚ್ ಹಾಕಿ ನೋಡಿ. ನಂತರ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಸಮಯ ಕೊಟ್ಟು ಮತ್ತೆ ಅಳೆಯಿರಿ. ಹೊಸ ಫಿಲ್ಟರ್ ಎಣ್ಣೆ ಕುಡಿದಿರುವುದರಿಂದ ಮಟ್ಟ ಸ್ವಲ್ಪ ಇಳಿದಿರುತ್ತದೆ, ಅಷ್ಟನ್ನು ತುಂಬಿಸಿದರೆ ಎಂಜಿನ್ನಿನ ಕೆಲಸ ಮುಗಿಯಿತು.

ಹಳೆಯ ಎಣ್ಣೆಯನ್ನು ಏನು ಮಾಡಬೇಕು

ಬೇಲಿಯ ಬುಡಕ್ಕೆ, ಚರಂಡಿಗೆ, ಕಸದ ಡಬ್ಬಕ್ಕೆ ಸುರಿಯುವಂತಿಲ್ಲ. ಒಂದು ಬಾರಿ ಬದಲಿಸಿದ ಎಣ್ಣೆ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಇಲ್ಲಿನ ಮನೆಗಳ ಮುಂದಿನ ಮಳೆನೀರಿನ ಮೋರಿಗಳು ಬಹುಪಾಲು ಶುದ್ಧೀಕರಣವಿಲ್ಲದೆ ನೇರವಾಗಿ ಹಳ್ಳಕ್ಕೆ ಸೇರುತ್ತವೆ. ಎಣ್ಣೆಯನ್ನು ಅದೇ ಖಾಲಿ ಬಾಟಲಿಗಳಿಗೆ ತುಂಬಿ ಮುಚ್ಚಳ ಹಾಕಿ, ಆಟೋಝೋನ್, ಓರೈಲಿಯಂಥ ವಾಹನದ ಬಿಡಿಭಾಗದ ಮಳಿಗೆಗಳಿಗೆ ಕೊಂಡೊಯ್ದರೆ ಹೆಚ್ಚಿನವು ಉಚಿತವಾಗಿ ತೆಗೆದುಕೊಳ್ಳುತ್ತವೆ. ಫಿಲ್ಟರನ್ನು ಬೋರಲು ಹಾಕಿ ಒಂದು ರಾತ್ರಿ ಬಸಿದು ಒಯ್ಯಿರಿ. ಪೆಟ್ರೋಲಾಗಲಿ ಕೂಲಂಟ್ ಆಗಲಿ ಬೆರೆತ ಎಣ್ಣೆಯನ್ನು ಅವು ಸ್ವೀಕರಿಸುವುದಿಲ್ಲ. ಬೇರೆ ಡಬ್ಬದಲ್ಲಿಡಿ ಎಂದದ್ದು ಅದಕ್ಕಾಗಿ, ಅದನ್ನು ಕೌಂಟಿಯ, ಅಂದರೆ ಸ್ಥಳೀಯ ಜಿಲ್ಲಾಡಳಿತದ, ಅಪಾಯಕಾರಿ ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು.

ಕಾಂಕ್ರೀಟಿನ ಮೇಲೆ ಬಿದ್ದ ಎಣ್ಣೆಗೆ ಬೆಕ್ಕಿನ ಮಲದ ತಟ್ಟೆಗೆ ಬಳಸುವ ಜೇಡಿಮಣ್ಣಿನ ಹರಳುಗಳನ್ನು ಹರಡಿ, ಬೂಟಿನಿಂದ ತುಳಿದು ಪುಡಿಮಾಡಿ, ರಾತ್ರಿಯೆಲ್ಲ ಬಿಟ್ಟು ಗುಡಿಸಿದರೆ ಬಹುಪಾಲು ಹೀರಿಕೊಂಡಿರುತ್ತದೆ. ಉಳಿದ ಕಲೆಗೆ ಪಾತ್ರೆ ತೊಳೆಯುವ ಸೋಪು ಮತ್ತು ಗಟ್ಟಿ ಬ್ರಷ್ ಸಾಕು.

ಕೊನೆಗೆ ಬಾನೆಟ್ ಮುಚ್ಚುವ ಮುನ್ನ, ಅದರ ಒಳಬದಿಗೆ ಕಾಗದದ ಟೇಪಿನ ತುಂಡೊಂದನ್ನು ಅಂಟಿಸಿ ನಾಲ್ಕು ವಿಷಯ ಬರೆದಿಡಿ: ತಾರೀಖು, ಗಂಟೆಮಾಪಕದಲ್ಲಿನ ಸಂಖ್ಯೆ, ಫಿಲ್ಟರಿನ ಸಂಖ್ಯೆ, ಮತ್ತು ಮೇಲಿನ ಗೆರೆ ಮುಟ್ಟಲು ನಿಜವಾಗಿ ಹಿಡಿದ ಎಣ್ಣೆ ಎಷ್ಟು ಎಂಬುದು. ನನ್ನ ಯಂತ್ರದ ಟೇಪಿನ ಮೇಲೆ ಈಗ 58 ಔನ್ಸ್ ಎಂದು ಬರೆದಿದೆ, ಕೈಪಿಡಿಯಲ್ಲಿರುವುದು 64.